ಒರೆಸಿದ ಪಿ.ಎಸ್.

ಮರ್ರೆ ನದಿಯ ಗಂಡಸರಿಗೆ ಅದೊಂದು ಖಯಾಲಿ. ಚಕ್ರದ ಉಗಿದೋಣಿ ಕಟ್ಟಿಸಿದರೆ ಹೆಂಡತಿಯದೋ ಮಗಳದೋ ಹೆಸರಿಡಬೇಕು, ಅದರ ಮುಂದೆ ಉಗಿದೋಣಿಯ ಗುರುತಾಗಿ ಪಿ.ಎಸ್. ಎಂದು ಬರೆಸಬೇಕು. ಹೆಸ್ಟರ್ ಬೇಡವೆಂದು ಬಡಿದುಕೊಂಡರೂ ಗಂಡ ಸಿಲಾಸ್ ಕೇಳದೆ 'ಪಿ.ಎಸ್. ಹೆಸ್ಟರ್' ಎಂದೇ ಬರೆಸಿದ. ಕಳೆದ ಬೇಸಿಗೆಯಲ್ಲಿ ಅದರ ಬಾಯ್ಲರ್ ಸಿಡಿದು ಸಿಲಾಸ್ ಹೋದ. ಹೆಣವೂ ಸಿಗಲಿಲ್ಲ.

ಊರ ಬಾಯಿಗೆ ಬೀಗವುಂಟೇ? ಮಾತಿನಲ್ಲಿ ಪಿ.ಎಸ್. ಎನ್ನುವವರು ಯಾರು? 'ಹೆಸ್ಟರ್ ಸಿಲಾಸ್‌ನ ತಿಂದ್ಲು' ಅಂದರು. ಬ್ರೆಡ್ ತರಲು ಹೋದರೂ ಅದೇ ಮಾತು. ಆ ದೋಣಿಯಿಂದ ತನ್ನ ಹೆಸರು ತೊಲಗಿದರೆ ಸಾಕಾಗಿತ್ತು ಅವಳಿಗೆ.

ಸಿಲಾಸ್‌ನ ಪಾಲುದಾರ ಇಂಜಿನ್ ಕಳಚಿ, ಉಳಿದ ಒಡಲನ್ನು ಉಣ್ಣೆ ಹೊರುವ ಬಾರ್ಜ್ ಮಾಡಿಸಿದ. ಇನ್ನೊಂದು ದೋಣಿ ಎಳೆದರಷ್ಟೇ ಅದು ಸಾಗಬೇಕು. ಬಣ್ಣ ಬಳಿಯುತ್ತಿದ್ದಾರೆಂದು ಕೇಳಿ ಹೆಸ್ಟರ್ ಎಚುಕಾ ಊರಿನ ದೋಣಿಕಟ್ಟೆಗೆ ಓಡಿದಳು. ಬಣ್ಣ ಬಳಿಯುವ ಕ್ಲೆಮ್ ಪಿ.ಎಸ್. ಮಾತ್ರ ಒರೆಸಿದ್ದ.

"ಅಯ್ಯೋ, ಅದಲ್ಲ ಕಣಪ್ಪಾ! ನನ್ನ ಹೆಸರು ಒರೆಸು!"

"ಇಂಜಿನ್ನೇ ಇಲ್ಲ, ಇನ್ನು ಪಿ.ಎಸ್. ಯಾಕಮ್ಮಾ? ಹೆಸರು ಮಾತ್ರ ಮುಟ್ಟೋ ಹಾಗಿಲ್ಲ. ಹೆಸರು ಬದಲಾದ ದೋಣಿ ಅಪಶಕುನ, ಈ ನದೀಲಿ ಯಾವನೂ ಹತ್ತಲ್ಲ."

"ಹತ್ತದಿದ್ರೆ ಇಲ್ಲೇ ಕೊಳೀಲಿ!"

"ಅತ್ತಿಗೆ," ಎಂದ ಹಿಂದಿನಿಂದ ಸಿಲಾಸ್‌ನ ತಮ್ಮ ಎನಾಕ್. "ನಾಳೆಯಿಂದ ಇದರ ಚುಕ್ಕಾಣಿ ಹಿಡಿಯೋನು ನಾನೇ. ಹೆಸರು ಬದಲಾದ್ರೆ ನಾನೂ ಹತ್ತಲ್ಲ. ಅಣ್ಣ ಹೋದದ್ದು ಸಾಲದಾ? ಹತ್ತದಿದ್ರೆ ಮನೇಲಿ ಮಕ್ಕಳ ಹೊಟ್ಟೆಗೇನು ಹಾಕ್ಲಿ?"

ಹೆಸ್ಟರ್‌ಗೆ ಮೈಯೆಲ್ಲ ಉರಿಯಿತು. ಬೈಯಬೇಕೆಂದು ತಿರುಗಿದವಳಿಗೆ ಅವನ ಮೂಳೆ ಎದ್ದ ಮಣಿಕಟ್ಟು ಕಾಣಿಸಿತು. ಬೈಯದೆ ದೋಣಿಗೆ ಬೆನ್ನು ಹಾಕಿದಳು.

ಕ್ಲೆಮ್ ಮೆಲ್ಲಗೆ, "ಸಿಲಾಸ್‌ನ ಖಾಲಿ ಗೋರಿಗೆ ಹಲಗೆ ಬರೀತಿದೀನಮ್ಮ, ನೋಡು," ಎಂದು ತೋರಿಸಿದ. 'ಸಿಲಾಸ್ ಟ್ರೆವೆನಾ. ಹೆಸ್ಟರ್ ದುರಂತದಲ್ಲಿ ಮಡಿದವನು.'

ಅವಳು ಓದಿದಳು, ಮತ್ತೊಮ್ಮೆ ಓದಿದಳು.

"ಇದರಲ್ಲಿ ಪಿ.ಎಸ್. ಹಾಕು ಕ್ಲೆಮ್. ದೊಡ್ಡದಾಗಿ ಹಾಕು. ದೋಣೀಲಿ ಒರೆಸಿದ್ದನ್ನೆಲ್ಲ ಇಲ್ಲಿ ಬರಿ. ಇಲ್ಲಾಂದ್ರೆ ನಾ ಸತ್ತ ಮೇಲೂ ಜನ ಇಲ್ಲಿ ನಿಂತು, ಇವನನ್ನ ಕೊಂದೋಳು ಹೆಂಡ್ತಿ ಅಂತ ಓದ್ತಾರೆ."

ಎನಾಕ್ ಟೋಪಿ ತೆಗೆದ. ಅವಳು ಅವನತ್ತ ನೋಡದೆ ಮನೆಯ ದಾರಿ ಹಿಡಿದಳು.