ಗುರುಲಿಂಗಮ್ಮನ ಐದು ಪವನು

ಮದುವೆಯಾದ ಮೂರನೇ ದಿನ ತವರಿನ ಊಟಕ್ಕೆ ಬಂದ ಮಧುಶ್ರೀ ಗಂಡನ ಹಿಂದೆ ಬಸ್ಸಿನಿಂದ ಇಳಿಯುತ್ತಿದ್ದಂತೆ ಅವಳ ಸೋದರತ್ತೆ ಗುರುಲಿಂಗಮ್ಮ ಮೊದಲು ನೋಡಿದ್ದು ಅವಳ ಕೊರಳನ್ನು. ಅಲ್ಲಿ ತಾಳಿಯೊಂದೇ ಇತ್ತು. ಆಮೇಲೆ ಮದುಮಗಳ ಮುಖ ನೋಡಿ, ತನ್ನ ಬುದ್ಧಿಗೆ ತಾನೇ ನಾಚಿಕೊಂಡಳು.

ಅಲ್ಲಿರಬೇಕಾಗಿದ್ದ ಐದು ಪವನಿನ, ಅಂದರೆ ನಲವತ್ತು ಗ್ರಾಮು ಚಿನ್ನದ ಸರ ಗುರುಲಿಂಗಮ್ಮನದು. ಗಂಡ ತೀರಿದ ಮೇಲೆ ಪಣಕಹಳ್ಳಿಯ ಬಾಲವಾಡಿಗೆ ಆಯಾ ಆಗಿ ಸೇರಿದವಳು, ಇಪ್ಪತ್ತೆರಡು ವರ್ಷ ಮಕ್ಕಳಿಗೆ ಬೇಯಿಸಿ ಬಡಿಸುತ್ತ, ಬಂದ ಸಂಬಳದಲ್ಲಿ ಗುಲಗಂಜಿ ತೂಕದಷ್ಟೇ ಚಿನ್ನ ಕೂಡಿಸುತ್ತ ಬಂದಿದ್ದಳು. ಅವಳ ಅಪ್ಪ ಮುಪ್ಪಿಗೆಂದು ಅಂಚೆ ಕಚೇರಿಯಲ್ಲಿ ಕಟ್ಟಿದ್ದ ದುಡ್ಡು ಕೈಗೆ ಬರುವ ಹೊತ್ತಿಗೆ ಎರಡು ಮೂಟೆ ರಾಗಿಗೂ ಸಾಲದೆ ಹೋಗಿತ್ತು. ನೋಟು ಸೊರಗುತ್ತದೆ, ಚಿನ್ನ ರಾಗಿಯ ಜೊತೆಜೊತೆಗೇ ಏರುತ್ತದೆ ಎಂದು ಆಗಲೇ ಅವಳಿಗೆ ಮನವರಿಕೆಯಾಗಿತ್ತು. ಬರುವ ಮೇ ತಿಂಗಳಿಗೆ ಐವತ್ತೆಂಟು ತುಂಬುತ್ತದೆ, ಕೆಲಸ ಬಿಡಬೇಕು. ಮಕ್ಕಳಿಲ್ಲ. ಕೈಕಾಲು ಸೋತ ಮೇಲೆ ವರ್ಷಕ್ಕಿಷ್ಟೆಂದು ಮಾರಿಕೊಂಡರೂ ಯಾರ ಹೊಸಿಲಲ್ಲೂ ನಿಲ್ಲಬೇಕಿಲ್ಲ ಎಂದುಕೊಂಡಿದ್ದಳು.

ತಮ್ಮ ಪುಟ್ಟಬಸಪ್ಪ ಕೇಳಿದ್ದು ಮೂರು ದಿನಕ್ಕೆ. ಧಾರೆಯ ಹೊತ್ತಿಗೆ ಮಗಳ ಕೊರಳು ತುಂಬಿ ಕಾಣಲಿ, ತವರಿನ ಊಟಕ್ಕೆ ಬಂದಾಗ ಬಿಚ್ಚಿಕೊಡಿಸುತ್ತೇನೆ ಎಂದಿದ್ದ. ಈಗ ಹಿತ್ತಲಿಗೆ ಕರೆದು ಕೇಳಿದರೆ ನೆಲ ನೋಡಿದ. ಬೀಗರು ಸರವನ್ನು ಬೀರುವಿನಲ್ಲಿಟ್ಟಿದ್ದಾರೆ, ಅದು ಹುಡುಗಿಗೆ ಹಾಕಿದ್ದೆಂದೇ ತಿಳಿದಿದ್ದಾರೆ, ತಾನೂ ಅಲ್ಲವೆನ್ನಲಿಲ್ಲ ಎಂದ.

"ಒಸಿ ದಿನ ತಡಿ ಅಕ್ಕ. ಈಗ್ಲೇ ಕೇಳುದ್ರ ಮಗಿ ಅಲ್ಲಿ ಬಾಳಕಾದದಾ? ಮುಂದ್ಕ ನಿನ್ನ ನೋಡ್ಕಳಕ ನಾನಿಲ್ವಾ?"

ಆ ಕೊನೆಯ ಮಾತೇ ಅವಳನ್ನು ಹೆದರಿಸಿದ್ದು.

ಎರಡು ತಿಂಗಳು ಕಾದಳು. ತಮ್ಮ ಅವಳನ್ನು ಕಂಡರೆ ಓಣಿ ಬದಲಿಸತೊಡಗಿದ. ಚಿನ್ನದ ಬೆಲೆ ಗ್ರಾಮಿಗೆ ಹತ್ತು ಸಾವಿರದ ಹತ್ತಿರ ಬಂತೆಂದು ಬಸ್ಸಿನಲ್ಲಿ ಜನ ಮಾತಾಡಿಕೊಳ್ಳುತ್ತಿದ್ದರು. ಒಂದು ಭಾನುವಾರ ಅವಳು ಚಾಮರಾಜನಗರದ ಆಚೆಯ ಬೀಗರ ಹಳ್ಳಿಗೆ ಹೊರಟಳು.

ಮಧುಶ್ರೀಯ ಅತ್ತೆ ಮಾದೇವಮ್ಮ ಚಾಪೆ ಹಾಸಿ ಕೂರಿಸಿ, ಕಾಫಿ ಕೊಟ್ಟು, ಸೊಸೆಯ ಕೈರುಚಿಯನ್ನು ಹೊಗಳಿದರು. ಒಡವೆಯ ಮಾತನ್ನೂ ಅವರೇ ಎತ್ತಿದರು. ಈ ಕಾಲದಲ್ಲಿ ಮಗಳಿಗೆ ಐದು ಪವನು ಹಾಕುವ ತಂದೆ ಎಷ್ಟು ಜನ ಎಂದರು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ನಯದ ಮಾತೊಂದೂ ಗುರುಲಿಂಗಮ್ಮನ ಬಾಯಿಗೆ ಬರಲಿಲ್ಲ.

"ಅದು ನಂದು ಕಣವ್ವ," ಎಂದಳು. "ನನ್ ಮುಪ್ಪಿನ ಅನ್ನ ಅದು. ಮೂರ್ ದಿನುಕ್ಕ ಅಂತ ನಾನೇ ಕೊಟ್ಟಿದ್ದಿ."

ಮಾದೇವಮ್ಮ ಕೂಗಾಡಲಿಲ್ಲ. ಒಳಗೆ ಹೋಗಿ ಡಬ್ಬಿ ತಂದು ಅವಳ ಮುಂದಿಟ್ಟರು.

"ತಕ್ಕಳಿ. ನಿಮ್ ಅನ್ನವ ನಾವ್ ಮಡಿಕಳದಿಲ್ಲ. ಸುಳ್ ಯೋಳ್ದೋರ್ ಮನೆ ಎಣ್ಮಗಳ್ನ ಏನ್ ಮಾಡ್ಬೇಕು ಅಂತ ಆಮೇಲ ನೋಡ್ತೀವಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಧುಶ್ರೀ ತಲೆಯೆತ್ತಲಿಲ್ಲ. ಬಸ್ಸಿನಲ್ಲಿ ಗುರುಲಿಂಗಮ್ಮ ಸೆರಗಿನೊಳಗೆ ಡಬ್ಬಿ ಅವುಚಿಕೊಂಡು ಕೂತಳು. ತನ್ನ ವಸ್ತುವನ್ನೇ ಕದ್ದು ತರುತ್ತಿರುವಂತೆ ಇಳಿಯುವವರೆಗೂ ಯಾರ ಮುಖವನ್ನೂ ನೋಡಲಿಲ್ಲ.

ಪುಟ್ಟಬಸಪ್ಪ ಮಾತು ಬಿಟ್ಟ. ಅವಳು ಸರವನ್ನು ತಾಳವಾಡಿಯ ಬ್ಯಾಂಕಿನಲ್ಲಿಟ್ಟು ಬಂದರೂ ನಿದ್ದೆ ಸುಳಿಯಲಿಲ್ಲ.

ಇಪ್ಪತ್ತು ದಿನವೂ ಕಳೆದಿರಲಿಲ್ಲ. ಬಾಲವಾಡಿಯಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಅನ್ನ ಬಡಿಸುತ್ತಿದ್ದಾಗ ಬಾಗಿಲಿಗೆ ನೆರಳು ಬಿತ್ತು. ಬ್ಯಾಗು ಹಿಡಿದು ಮಧುಶ್ರೀ ನಿಂತಿದ್ದಳು.

"ಅಪ್ಪನ ಮನ್ಗ ಓಗ್ನಿಲ್ಲ, ಅತ್ತೆ," ಎಂದಳು.

ಯಾಕೆಂದು ಗುರುಲಿಂಗಮ್ಮ ಕೇಳಲಿಲ್ಲ. ಕೇಳುವ ಬಾಯಿ ತನಗಿಲ್ಲವೆನಿಸಿತು. ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಬಂದು, ಸಾಲಿನ ಕೊನೆಯಲ್ಲಿ ಗೋಡೆಗೊರಗಿ ಕೂತಳು. ಅವಳ ಪಕ್ಕದ ಪುಟ್ಟ ಹುಡುಗಿಯೊಂದು ಉಣ್ಣುತ್ತಲೇ ತನ್ನ ತಟ್ಟೆಯನ್ನು ಎಳೆದುಕೊಂಡು ಅವಳಿಗೆ ಜಾಗ ಮಾಡಿಕೊಟ್ಟಿತು. ಗುರುಲಿಂಗಮ್ಮ ಇನ್ನೊಂದು ತಟ್ಟೆ ತೊಳೆದು ತರಲು ಒಳಗೆ ಹೋದಳು.