ಎಪ್ಪತ್ತನೆಯ ನಿಮಿಷ

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೊಲಿಗೆ ಅಂಗಡಿ ಇಟ್ಟುಕೊಂಡು ಮೂವತ್ತೈದು ವರ್ಷವಾಯಿತು. ಬಟ್ಟೆಯ ಅಳತೆ ತಪ್ಪಿದ್ದು ಎರಡೋ ಮೂರೋ ಸಲ, ಮಾತಿನ ಅಳತೆ ತಪ್ಪಿದ್ದಕ್ಕೆ ಲೆಕ್ಕವಿಲ್ಲ. ಆದರೂ ಆ ಭಾನುವಾರ ನನಗಾದದ್ದನ್ನು ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತದೆ.

ನಮ್ಮೂರ ಫುಟ್‌ಬಾಲ್ ತಂಡಕ್ಕೆ ಎಪ್ಪತ್ತು ವರ್ಷ. ಇಟ್ಟಿಗೆ ಬಣ್ಣದ ಜೆರ್ಸಿ. ಅದರ ಬೆನ್ನಿಗೆ ನಂಬರು ಹೊಲಿಯುತ್ತಿದ್ದವಳು ನಾನು. ಹೋದ ವರ್ಷ ಪೇಂಟ್ ಕಂಪನಿಯ ಮಾಲೀಕನೊಬ್ಬ ತಂಡವನ್ನು ಕೊಂಡುಕೊಂಡ. ಅವನಿಗೆ ನಾವಿಟ್ಟ ಹೆಸರು ಡಬ್ಬಿ ಸಾಹುಕಾರ. ಬಂದ ತಿಂಗಳಲ್ಲೇ ಜೆರ್ಸಿಗೆ ಅವನ ಪೇಂಟ್ ಡಬ್ಬಿಯ ಬಣ್ಣ ಬಂತು. ತಿಳಿ ನೇರಳೆ! ಹನ್ನೊಂದು ಜನ ಮೈದಾನಕ್ಕೆ ಇಳಿದರೆ ಒಗೆದು ಒಣಗಲು ಹಾಕಿದ ಪರದೆಗಳು ಓಡಿದ ಹಾಗೆ ಕಾಣುತ್ತಿತ್ತು. ಸಾಕ್ಸ್ ಅಂತೂ ಕೇಳಲೇಬೇಡಿ, ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಹಿಮ್ಮಡಿಗೆ ಜಾರುತ್ತಿತ್ತು.

ಅಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ಅವನು ನಮ್ಮ ಡೋಲು ನಿಲ್ಲಿಸಿದ. ಬಸ್ ಕಂಡಕ್ಟರ್ ಒಬ್ಬ ಇಪ್ಪತ್ತು ವರ್ಷದಿಂದ ಮೈದಾನದ ಪೂರ್ವದ ಕಡೆ, ನಮ್ಮ ಸೀಟುಗಳ ನಡುವೆ ಕೂತು ಬಾರಿಸುತ್ತಿದ್ದ ಡೋಲದು. ಅದರ ಬದಲಿಗೆ ಸುತ್ತಲೂ ಸ್ಪೀಕರ್ ಹಾಕಿಸಿದ. ಚೆಂಡು ಗೋಲಿನ ಹತ್ತಿರ ಹೋದರೆ ಸಾಕು, ಎಲ್ಲಿಯದೋ ಜನರ ಕೇಕೆ, ಎಂದೋ ರೆಕಾರ್ಡ್ ಮಾಡಿದ್ದು, ಕಿವಿ ಕಿತ್ತುಹೋಗುವ ಹಾಗೆ ಕೇಳಿಬರುತ್ತಿತ್ತು. ಗೋಲಾದರೂ ಅದೇ ಕೇಕೆ, ಚೆಂಡು ಆಚೆ ಹೋದರೂ ಅದೇ ಕೇಕೆ. ಮೈದಾನಕ್ಕೆ ಬಂದು ಕೂತ ನಮ್ಮನ್ನು ಬಿಟ್ಟು, ಅಲ್ಲಿಲ್ಲದ ಜನರ ಬಾಯಿಯನ್ನು ನಂಬಿದನಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಮೊದಲು ಗೇಟಿನವನು ಕಬ್ಬಿಣದ ಬಾಗಿಲನ್ನು ಮೊಣಕಾಲಲ್ಲಿ ತಳ್ಳಿ ಒಳಗೆ ಬಿಡುತ್ತಿದ್ದ. ಈಗ ಗಾಜಿನ ಬಾಗಿಲು. ಕಾರ್ಡು ತೋರಿಸಬೇಕು. ಒಮ್ಮೆ ಆಚೆ ಹೋದರೆ ಆ ದಿನ ಕಾರ್ಡು ಸತ್ತ ಹಾಗೆ, ಮತ್ತೆ ಒಳಗೆ ಬರುವ ಹಾಗಿಲ್ಲ.

ಎಲ್ಲರೂ ನನ್ನ ಹಾಗೇ ಕುದಿಯುತ್ತಿದ್ದರು ಎಂದರೆ ಸುಳ್ಳಾಗುತ್ತದೆ. ನನ್ನ ಪಕ್ಕದ ಸೀಟಿನಲ್ಲಿ ಕೂರುವ ಗಡಿಯಾರ ರಿಪೇರಿಯ ಅಣ್ಣ, ಎರಡೂ ಮಂಡಿ ಸವೆದ ಮನುಷ್ಯ, ಸಾಹುಕಾರನ ಪರ.

"ಕಕ್ಕಸು ತೊಳೆಸಿದಾನಮ್ಮ ಅವನು," ಎನ್ನುತ್ತಿದ್ದ. "ಹನ್ನೊಂದು ವರ್ಷ ಮನೆಗೆ ಹೋಗೋ ತನಕ ತಡ್ಕೊಂಡು ಕೂತಿದ್ದೀನಿ. ಮೆಟ್ಟಿಲ ಪಕ್ಕ ಹಿಡ್ಕೊಳ್ಳೋಕೆ ಕಂಬಿ ಹಾಕ್ಸಿದಾನೆ. ಬಣ್ಣ ಯಾವುದಾದ್ರೆ ನಂಗೇನು?"

"ನಿನ್ನ ಕಕ್ಕಸಿಗೋಸ್ಕರ ಟೀಮನ್ನೇ ಮಾರ್ಬಿಡು ಹೋಗು," ಎಂದೆ. ಅವನು ನಕ್ಕ. ಅವನಿಗೆ ನನ್ನ ಬಾಯಿ ಅಭ್ಯಾಸವಾಗಿತ್ತು.

ಕೊನೆಗೆ ನಾನೇ ಒಂದು ಉಪಾಯ ತೆಗೆದೆ. ತಂಡಕ್ಕೆ ಎಪ್ಪತ್ತು ವರ್ಷ, ಆದ್ದರಿಂದ ಎಪ್ಪತ್ತನೆಯ ನಿಮಿಷಕ್ಕೆ ಪೂರ್ವದ ಕಡೆಯವರೆಲ್ಲ ಎದ್ದು ಆಚೆ ನಡೆಯಬೇಕು. ಹಳೆಯ ಜೆರ್ಸಿಗೆಂದು ತಂದು ಉಳಿದಿದ್ದ ಇಟ್ಟಿಗೆ ಬಣ್ಣದ ಬಟ್ಟೆಯಲ್ಲಿ ಇನ್ನೂರು ಪುಟ್ಟ ದಿಂಬು ಹೊಲಿದೆ. ಹೋಗುವಾಗ ಅವನ್ನು ಸೀಟಿನ ಮೇಲೆ ಬಿಟ್ಟು ಹೋಗುವುದು. ನಾವಿಲ್ಲದಿದ್ದರೂ ಸೀಟು ನಮ್ಮದೇ ಎಂದು ಅವನಿಗೆ ಗೊತ್ತಾಗಲಿ. ಹದಿನೈದು ದಿನ ಮನೆಮನೆಗೆ ಹೋಗಿ ಜನರನ್ನು ಒಪ್ಪಿಸಿದೆ. ಒಪ್ಪದವರನ್ನು ಬೈದು ಒಪ್ಪಿಸಿದೆ.

ಈಗ ನನ್ನ ಹುಡುಗನ ವಿಷಯ ಹೇಳಬೇಕು. ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ತಂಗಿಯ ಮಗ. ಅವಳು ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಅಂದಿನಿಂದ ಅವನಿಗೆ ಅಮ್ಮ ಎಂದರೂ ದೊಡ್ಡಮ್ಮ ಎಂದರೂ ನಾನೇ. ಅಂಗಡಿಯ ಚಿಂದಿಯನ್ನು ಉಂಡೆ ಕಟ್ಟಿ ಅವನಿಗೆ ಮೊದಲ ಚೆಂಡು ಮಾಡಿಕೊಟ್ಟವಳು ನಾನು. ಈಗ ಅವನು ಇದೇ ತಂಡದ ಇಪ್ಪತ್ತೇಳನೆಯ ನಂಬರು. ಮೂರು ವರ್ಷದಿಂದ ಬೆಂಚು. ಪ್ರತಿ ಪಂದ್ಯದಲ್ಲೂ ಎದ್ದು ಗೆರೆಯ ಆಚೆ ಓಡಾಡಿ ಮೈ ಬಿಸಿ ಮಾಡಿಕೊಳ್ಳುತ್ತಾನೆ, ಪ್ರತಿ ಪಂದ್ಯದಲ್ಲೂ ಹೋಗಿ ಮತ್ತೆ ಕೂರುತ್ತಾನೆ. ಅವನು ಒಂದೇ ಒಂದು ಸಲ ಮೈದಾನಕ್ಕೆ ಇಳಿಯುವುದನ್ನು ನೋಡಬೇಕು. ನನಗೆ ಬದುಕಿನಲ್ಲಿ ಬೇರೆ ಆಸೆ ಇರಲಿಲ್ಲ.

ಹೋದ ವರ್ಷ ಒಮ್ಮೆ, "ದೊಡ್ಡಮ್ಮ, ಈ ವಾರ ಇಳಿಸ್ತಾರಂತೆ," ಎಂದು ಹೇಳಿದ್ದ. ನಾನು ಸುಮ್ಮನಿರುವವಳೇ? ಇಡೀ ಬೀದಿಗೆ ಸಾರಿದೆ. ನಲವತ್ತು ಜನರನ್ನು ಕಟ್ಟಿಕೊಂಡು ಹೋದೆ. ಅವನನ್ನು ಇಳಿಸಲಿಲ್ಲ. ಪಂದ್ಯ ಮುಗಿದಾಗ ನಲವತ್ತು ಜನ ಅವನ ಮುಖವನ್ನೇ ನೋಡುತ್ತ ನಿಂತಿದ್ದರು. ಎರಡು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ.

ಶನಿವಾರ ಮಧ್ಯಾಹ್ನ ಅವನು ಅಂಗಡಿಗೆ ಬಂದ. ಮೇಜಿನ ಮೇಲಿದ್ದ ಸೀಮೆಸುಣ್ಣದ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತ ಕೂತ.

"ದೊಡ್ಡಮ್ಮ, ನಾಳೆ ಎದ್ದು ಹೋಗ್ಲೇಬೇಕಾ?"

"ಮತ್ತೆ? ಊರಿಗೆಲ್ಲ ಹೇಳಿ ನಾನೇ ಕೂತ್ಕೊಂಡ್ರೆ ಮುಖ ಎಲ್ಲಿಡ್ಲೋ?"

"ಒಂದಿನ. ಮುಂದಿನ ವಾರ ಹೋಗಿ ಬೇಕಾದ್ರೆ."

"ಯಾಕೆ, ಸಾಹುಕಾರ ಹೇಳಿ ಕಳಿಸಿದ್ನಾ?"

ಅವನು ತಲೆ ಎತ್ತಿ ನನ್ನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ನಾನು ಬಿಡಲಿಲ್ಲ. "ಅವನ ಅನ್ನ ತಿಂತೀನಿ ಅಂತ ಅವನ ಪರ ವಕಾಲತ್ತು ಮಾಡ್ಬೇಡ. ನಿನಗೆ ಬೆಂಚು ಬಿಟ್ಟು ಇನ್ನೇನು ಕೊಟ್ಟಿದಾನೆ ಅವನು?"

ಆ ಮಾತು ಆಡಬಾರದಿತ್ತು. ಅವನು ಬಿಲ್ಲೆಯನ್ನು ಮೇಜಿನ ಮೇಲಿಟ್ಟು, "ಸರಿ ಬಿಡು," ಎಂದು ಎದ್ದು ಹೋದ. ನಾನು ಹೊಲಿಗೆ ಮುಂದುವರಿಸಿದೆ.

ಭಾನುವಾರ ನಾಲ್ಕು ಗಂಟೆಗೆ ಪಂದ್ಯ. ನಮ್ಮ ಕಡೆ ಇನ್ನೂರು ದಿಂಬು, ಇನ್ನೂರು ಜನ. ಬೆಂಚಿನ ಹತ್ತಿರದಿಂದ ನನ್ನ ಹುಡುಗ ನಮ್ಮ ಕಡೆ ನೋಡಿ ಕೈ ಎತ್ತಿದ. ಪ್ರತಿ ಸಲ ಎತ್ತುವುದೇ ಎಂದು ನಾನೂ ಎತ್ತಿದೆ. ಎರಡೂ ತಂಡಗಳ ಗೋಲು ಸೊನ್ನೆ. ಅರವತ್ತೈದರ ಹೊತ್ತಿಗೆ ಅವನು ಎದ್ದು ಗೆರೆಯುದ್ದಕ್ಕೂ ಓಡತೊಡಗಿದ. ಅದೂ ಪ್ರತಿ ಸಲ ನಡೆಯುವುದೇ. ನಾನು ದಿಂಬು ಸರಿಮಾಡುತ್ತಿದ್ದೆ.

ಗಡಿಯಾರದಣ್ಣ ಮಣಿಕಟ್ಟು ನೋಡಿಕೊಂಡು, "ಎಪ್ಪತ್ತಾಯ್ತು, ಹೊರಡಿ," ಎಂದ. ಹೊತ್ತು ಹೇಳಿದವನು ತಾನು ಮಾತ್ರ ಅಲ್ಲಾಡಲಿಲ್ಲ. "ನನ್ನ ಮಂಡಿಗೆ ಈ ಹೋರಾಟ ಎಲ್ಲ ಆಗಲ್ಲಮ್ಮ, ನೀವು ಹೋಗ್ಬನ್ನಿ," ಎಂದು ಕಾಲು ಚಾಚಿದ. ನಾನು ಅವನ ಕಡೆ ಮೂತಿ ತಿರುವಿ ಎದ್ದೆ. ಇಡೀ ಪೂರ್ವದ ಕಡೆ ಎದ್ದಿತು. ಗಾಜಿನ ಬಾಗಿಲಿನಿಂದ ಒಬ್ಬೊಬ್ಬರಾಗಿ ಆಚೆ ಬಂದೆವು. ಎಲ್ಲರಿಗಿಂತ ಮುಂದೆ ನಾನು. ಏನು ಹೆಮ್ಮೆ, ಏನು ಹೆಮ್ಮೆ! ಎದೆ ಉಬ್ಬಿ ರವಿಕೆಯ ಹೊಲಿಗೆ ಬಿಚ್ಚಿಹೋಗುವಂತಿತ್ತು.

ಆಚೆ ಕಂಡಕ್ಟರ್ ತನ್ನ ಡೋಲು ತೆಗೆದ. ಒಂದು ವರ್ಷ ಮಾತಾಡದಿದ್ದ ಡೋಲು. ಹೆಂಗಸರು ಕುಣಿದರು. ಎಂಟು ಹತ್ತು ನಿಮಿಷ ಕಳೆದಿರಬೇಕು, ಒಳಗಿನಿಂದ ಸ್ಪೀಕರಿನ ಕೇಕೆ ಸ್ಫೋಟಿಸಿತು.

"ಕೇಳ್ರೋ, ಕೇಳ್ರೋ!" ಎಂದು ನಾನು ಚಪ್ಪಾಳೆ ತಟ್ಟಿದೆ. "ಒಳಗೆ ಯಾರೂ ಇಲ್ಲ, ಕೇಕೆ ನೋಡು! ದಿಂಬುಗಳು ಕೂಗ್ತಿವೆ!"

ಇನ್ನೂರು ಜನ ಬಿದ್ದು ಬಿದ್ದು ನಕ್ಕರು. ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ಕಣ್ಣಲ್ಲಿ ನೀರು ಬಂತು. ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಾಗ ಗೇಟಿನವನು ಗಾಜಿನ ಆಚೆಯಿಂದ ನನ್ನನ್ನೇ ನೋಡುತ್ತಿರುವುದು ಕಂಡಿತು. ಅವನ ಕಿವಿಯಲ್ಲಿ ಫೋನಿನ ತಂತಿ. ಅವನು ನಗುತ್ತಿರಲಿಲ್ಲ.

"ಅಕ್ಕಾ," ಎಂದ ಬಾಗಿಲ ಸಂದಿಯಿಂದ. "ನಿಮ್ಮ ಹುಡುಗ ಇಳಿದಿದಾನೆ."

"ಎಲ್ಲಿಗೆ ಇಳಿದ?"

"ಎಲ್ಲಿಗೆ ಅಂದ್ರೆ? ಮೈದಾನಕ್ಕೆ. ನೀವು ಆಚೆ ಬಂದ ಎರಡೇ ನಿಮಿಷಕ್ಕೆ."

ನನಗೆ ಅರ್ಥವಾಗಲಿಲ್ಲ. ಅರ್ಥವಾಗಬಾರದು ಎಂದು ಮನಸ್ಸು ಹಟ ಹಿಡಿದಿತ್ತೋ ಏನೋ.

"ಈಗ ಕೇಕೆ ಬಂತಲ್ಲ ಅಕ್ಕಾ," ಎಂದ. "ಅದು ನಿಜವಾದ ಗೋಲು. ಅವನೇ ಹೊಡೆದದ್ದು."

ಡೋಲು ಇನ್ನೂ ಮೊಳಗುತ್ತಲೇ ಇತ್ತು. ನನ್ನ ಕಿವಿಗೆ ಮಾತ್ರ ಏನೂ ಕೇಳಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅಯ್ಯೋ, ಶನಿವಾರ ಅವನು ಬಂದಿದ್ದು ಇದಕ್ಕೆ! ಇದನ್ನು ಹೇಳಲು ಬಾಯಿ ತೆರೆದಿದ್ದ. ನಾನು ಆ ಬಾಯನ್ನು ಮುಚ್ಚಿಸಿದೆ.

ಕಾರ್ಡು ತೆಗೆದು ಯಂತ್ರಕ್ಕೆ ಒತ್ತಿದೆ. ಕೆಂಪು ದೀಪ. ಸೆರಗಿಗೆ ಉಜ್ಜಿ ಮತ್ತೆ ಒತ್ತಿದೆ. ಕೆಂಪು ದೀಪ.

"ತೆಗಿಯೋ ಬಾಗಿಲು!"

"ನನ್ನ ಕೈಲಿ ಇಲ್ಲ ಅಕ್ಕಾ. ಮೇಲಿನ ಆಫೀಸಿಂದ ತೆಗೀಬೇಕು."

"ಇಪ್ಪತ್ತು ವರ್ಷ ಮೊಣಕಾಲಲ್ಲಿ ತೆಗೆದ್ಯಲ್ಲೋ!"

"ಅದು ಕಬ್ಬಿಣದ್ದು ಅಕ್ಕಾ. ಇದಕ್ಕೆ ಮೊಣಕಾಲು ನಡೆಯಲ್ಲ." ಅವನ ಕಣ್ಣೂ ತುಂಬಿತ್ತು. ಆಮೇಲೆ ಥಟ್ಟನೆ, "ಎಡಕ್ಕೆ ಹೋಗಿ. ಮೂಲೆ ಬಾವುಟದ ಹತ್ತಿರ, ಪೇಂಟ್ ಜಾಹೀರಾತಿನ ಬೋರ್ಡು ನೆಲಕ್ಕೆ ಕೂತಿಲ್ಲ. ಒಂದು ಗೇಣು ಸಂದಿ ಇದೆ," ಎಂದ.

ಐವತ್ತೇಳು ವರ್ಷದ ಹೆಂಗಸು ನಾನು. ಮಣ್ಣಿನಲ್ಲಿ ಹೊಟ್ಟೆ ಅಡಿಯಾಗಿ ಮಲಗಿದೆ. ಕೆನ್ನೆ ನೆಲಕ್ಕೆ ಹಚ್ಚಿ ಸಂದಿಗೆ ಕಣ್ಣಿಟ್ಟೆ. ಹುಲ್ಲು. ಬಿಳಿ ಗೆರೆ. ಬಾವುಟದ ಕಡ್ಡಿಯ ಬುಡ. ದೂರದಲ್ಲಿ ಯಾರದೋ ಕಾಲುಗಳು ಓಡುತ್ತಿದ್ದವು, ನಮ್ಮವರದೆಲ್ಲ ಒಂದೇ ನೇರಳೆ ಸಾಕ್ಸ್, ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ. ಹಿಂದೆ ಡೋಲು ನಿಂತಿತು. ಯಾರೋ ಇನ್ನೂರು ಜನರಿಗೂ ಸುದ್ದಿ ಹೇಳಿದ್ದರು.

ಆಮೇಲೆ ಎರಡು ಕಾಲುಗಳು ನನ್ನ ಕಡೆಗೇ ಬಂದವು. ಮೂಲೆಯಿಂದ ಒದೆಯಲು ಚೆಂಡು ಇಡಬೇಕಿತ್ತು. ಎಡಗಾಲ ಸಾಕ್ಸ್ ಹಿಮ್ಮಡಿವರೆಗೆ ಜಾರಿತ್ತು. ಮೀನಖಂಡದ ಮೇಲೆ ಉದ್ದನೆಯ ಹಳೆಯ ಗಾಯದ ಗುರುತು. ಆರು ವರ್ಷದವನಿದ್ದಾಗ ನನ್ನ ಹೊಲಿಗೆ ಯಂತ್ರದ ಪೆಡಲ್ ತಗುಲಿ ಆದದ್ದು. ನನ್ನಿಂದ ನಾಲ್ಕೇ ಮಾರು. ಅವನ ಉಸಿರು ಕೇಳುವಷ್ಟು ಹತ್ತಿರ.

"ಮಗಾ!" ಎಂದು ಕೂಗಿದೆ. ನನ್ನ ಬಾಯಿ ಜೋರು ಎಂದೆನಲ್ಲ, ಇದ್ದಬದ್ದ ಜೋರನ್ನೆಲ್ಲ ಹಾಕಿ ಕೂಗಿದೆ. ಅದೇ ಹೊತ್ತಿಗೆ ತಲೆಯ ಮೇಲಿನ ಸ್ಪೀಕರ್ 'ಹೋ' ಎಂದಿತು. ನನ್ನ ಕೂಗು ನನಗೇ ಕೇಳಲಿಲ್ಲ. ಅವನು ಚೆಂಡು ಒದ್ದು ಓಡಿಹೋದ. ಸ್ವಲ್ಪ ಹೊತ್ತಿಗೆ ಪಂದ್ಯ ಮುಗಿದ ಸೀಟಿ ಕೇಳಿಸಿತು. ಒಂದು ಗೋಲಿನಿಂದ ನಾವು ಗೆದ್ದಿದ್ದೆವು.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ದಾರಿಯಲ್ಲಿ ಕಂಡಕ್ಟರ್ ಏನೇನೋ ಹೇಳಿದ, ನಾಳೆ ಪತ್ರಿಕೆಯಲ್ಲಿ ನಮ್ಮ ಖಾಲಿ ಸೀಟಿನ ಫೋಟೋ ಬರುತ್ತದಂತೆ, ಸಾಹುಕಾರ ಬೆದರಿದ್ದಾನಂತೆ. ಹೊಲಿಗೆ ಯಂತ್ರದ ಮುಂದೆ ಗರಬಡಿದವಳ ಹಾಗೆ ಕೂತಿದ್ದೆ. ದೀಪ ಹಚ್ಚುವ ಹೊತ್ತಿಗೆ ಅವನು ಬಂದ. ಭುಜದಲ್ಲಿ ಚೀಲ, ಕಂಕುಳಲ್ಲಿ ಇಟ್ಟಿಗೆ ಬಣ್ಣದ ದಿಂಬು.

"ನಿಂದು," ಎಂದು ನನ್ನ ಮುಂದಿಟ್ಟ.

"ಮೊದ್ಲೇ ಹೇಳ್ಬಾರದಿತ್ತೇನೋ?" ಎಂದೆ. "ಒಂದು ಮಾತು. ಒಂದೇ ಒಂದು ಮಾತು."

"ಹೇಳಿದ್ರೆ ಮತ್ತೆ ನಲವತ್ತು ಜನಾನ ಕರ್ಕೊಂಡು ಬರ್ತಿದ್ದೆ. ಇಳಿಸ್ದೇ ಇದ್ದಿದ್ರೆ?" ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು. "ಗೋಲು ಹೊಡೆದ ತಕ್ಷಣ ನಿನ್ನ ಕಡೆಗೇ ಓಡಿ ಬಂದೆ ದೊಡ್ಡಮ್ಮ. ನೀವೆಲ್ಲ ಹೋಗಿದ್ದು ನಂಗೆ ಗೊತ್ತಿತ್ತು. ಕಾಲು ಕೇಳ್ಲಿಲ್ಲ. ಬಂದು ನೋಡಿದ್ರೆ ಬರೀ ದಿಂಬು. ಗಡಿಯಾರದ ಮಾವ ಒಬ್ರೇ ಇದ್ರು. ಕಂಬಿ ಹಿಡ್ಕೊಂಡು ಎದ್ದು ನಿಂತು, ನಿನ್ನ ದಿಂಬು ಎತ್ತಿ ತೋರಿಸಿದ್ರು. ನಾನು ಅದಕ್ಕೇ ಕೈ ಮುಗ್ದೆ."

ಕೈ ಮುಗಿದನಂತೆ, ದಿಂಬಿಗೆ! ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅವನು ನನ್ನ ಬೆನ್ನು ನೇವರಿಸಿದ.

"ಮುಂದಿನ ವಾರ?" ಎಂದು ಕೇಳಿದೆ ಕೊನೆಗೆ.

"ಮುಂದಿನ ವಾರ ಒಂಬತ್ತನೇ ನಂಬರಿನೋರಿಗೆ ಕಾಲು ವಾಸಿಯಾಗಿರತ್ತೆ. ಇವತ್ತು ಅವರ ಜಾಗಕ್ಕೇ ನನ್ನನ್ನ ಇಳಿಸಿದ್ದು." ಅವನು ಚೀಲ ಕೆಳಗಿಟ್ಟ. "ನಾನು ಮತ್ತೆ ಬೆಂಚು."

ನಾನು ಕಣ್ಣೊರೆಸಿಕೊಂಡು ಡಬ್ಬಿಯಲ್ಲಿ ಎಲಾಸ್ಟಿಕ್ ಹುಡುಕಿದೆ. "ಆ ಸಾಕ್ಸ್ ಕೊಡು ಇಲ್ಲಿ. ಎಡಗಾಲಿಂದು ಹಿಮ್ಮಡಿಗೆ ಬಂದಿತ್ತು. ಮೂಲೇಲಿ ಚೆಂಡು ಇಡೋವಾಗ."

ಅವನು ಹಾಗೇ ನಿಂತುಬಿಟ್ಟ. "ನೀನು ಆಚೆ ಇದ್ಯಲ್ಲ ದೊಡ್ಡಮ್ಮ?"

ಅವನ ಕಣ್ಣು ನನ್ನ ಸೀರೆಯ ಮುಂಭಾಗಕ್ಕೆ ಮೆತ್ತಿದ್ದ ಕೆಂಪು ಮಣ್ಣಿಗೆ ಇಳಿಯಿತು, ನನ್ನ ಕೆನ್ನೆಗೆ ಏರಿತು. ಅವನು ಚೀಲದಿಂದ ಸಾಕ್ಸ್ ತೆಗೆದು ಕೊಟ್ಟು, ಪಕ್ಕದಲ್ಲೇ ನೆಲದ ಮೇಲೆ ಕೂತ. ದಾರ ಎರಡು ಸಲ ಸೂಜಿಯ ಕಣ್ಣು ತಪ್ಪಿತು. ಮೂವತ್ತೈದು ವರ್ಷದಲ್ಲಿ ಮೊದಲ ಸಲ, ಸೂಜಿಗೆ ದಾರ ಪೋಣಿಸಿಕೊಡು ಎಂದು ಇನ್ನೊಬ್ಬರನ್ನು ಕೇಳಿದೆ.