ಆರನೆಯ ಬೆರಳು

ನಾನು ಒಂದು ಗಾಜಿನ ನೆಗೆಟಿವ್. ಅಂಗೈಯಗಲದ ಗಾಜಿಗೆ ಮದ್ದು ಬಳಿದು ನನ್ನನ್ನು ಹುಟ್ಟಿಸಿದರು. ಕಣ್ಣು ಬಿಟ್ಟದ್ದು ಧಾರವಾಡದ ಮಾಧವರಾಯರ ಸ್ಟುಡಿಯೋದಲ್ಲಿ, ಒಂದೇ ಸಲ, ಐದು ಎಣಿಸುವಷ್ಟು ಹೊತ್ತು. ಆಗ ಕಂಡದ್ದನ್ನೇ ನೂರು ವರ್ಷದಿಂದ ಹೊತ್ತುಕೊಂಡಿದ್ದೇನೆ.

ಅಂದು ದೇಸಾಯರ ವಾಡೆಯ ಕೂಸಿನ ಫೋಟೊ ತೆಗೆಯಬೇಕಿತ್ತು. ಅದೋ, ಹಾಲುಣಿಸುವ ಫಕೀರವ್ವನ ತೊಡೆ ಬಿಟ್ಟು ಕೂಡಲೊಲ್ಲದು.

"ಹಂಗಾರ ನೀನ ಕೂಡು ಕುರ್ಚಿಮ್ಯಾಲೆ," ಎಂದರು ರಾಯರು.

ಅವಳ ಮುಖ ಅರಳಿತು. ಅರಳಿದ ಮುಖದ ಮೇಲೆ ರಾಯರು ಜಮಖಾನ ಹೊದಿಸಿಬಿಟ್ಟರು.

"ಫೋಟೊದಾಗ ಕೂಸೊಂದ ಕಾಣಬೇಕು. ಅಳ್ಳಾಡಬ್ಯಾಡ ಮತ್ತ. ಕೂಸಿನ್ನ ಹಿಡಿಯಾಕ ಒಂದು ಕೈ ಹೊರಗಿರ್ಲಿ, ಸಾಕು."

ಹೀಗೆ ಫಕೀರವ್ವ ಕುರ್ಚಿಯಾದಳು. ನನಗೆ ದಕ್ಕಿದ್ದು ಆ ಬಲಗೈ ಮಾತ್ರ. ಅದರ ಕಿರುಬೆರಳಿಗೆ ಅಂಟಿಕೊಂಡು ಇನ್ನೊಂದು ಪುಟ್ಟ ಬೆರಳು. ಅವಳು ಉಸಿರು ಕೂಡ ಬಿಡಲಿಲ್ಲ.

ಸ್ಟುಡಿಯೋ ಮುಚ್ಚಿದ ಮೇಲೆ ನಾನು ವಸ್ತುಸಂಗ್ರಹಾಲಯದ ಕಪಾಟು ಸೇರಿದೆ. ಲಕೋಟೆಯ ಮೇಲೆ 'ಮಗು, ಕುರ್ಚಿ' ಎಂದು ಬರೆದರು. ಭಲೇ!

ಹೋದ ವರ್ಷ ಅಲ್ಲಿಗೆ ಜಯತೀರ್ಥ ಎಂಬ ಸಂಶೋಧಕ ಬಂದ. ನನ್ನ ಪ್ರತಿಯನ್ನು ಕಂಪ್ಯೂಟರಿಗೆ ಇಳಿಸಿದ. ಜಮಖಾನದೊಳಗೆ ಹೆಂಗಸಿದ್ದಾಳೆಂದು ಕಂಡುಹಿಡಿದವನೂ ಅವನೇ, ಇಲ್ಲವೆನ್ನಲಾರೆ. ಆದರೆ ಆ ಕೈ ನೋಡಿ ನಕ್ಕ.

"ಪಾಪ, ಅಳ್ಳಾಡಿಸ್ಯಾಳ. ಬೆರಳು ಜೋಡಾಗಿ ಬಿದ್ದದ."

ಆರನೆಯದನ್ನು ಪರದೆಯ ಮೇಲೆ ಒರೆಸಿಹಾಕಿದ. ಉಳಿದ ಬೆರಳುಗಳೇಕೆ ಜೋಡಾಗಲಿಲ್ಲ ಎಂದು ಆ ಜಾಣ ಯೋಚಿಸಲೇ ಇಲ್ಲ. ದೇಸಾಯರ ಕೂಸನ್ನು ಹಿಡಿದು ಕೈ ಅಳ್ಳಾಡಿಸಿದ ದಾದಿಯ ಬಗ್ಗೆ ಪತ್ರಿಕೆಗೆ ಲೇಖನ ಬರೆದು ಶಾಲು ಹೊದಿಸಿಕೊಂಡ.

ಅದನ್ನು ಓದಿ ಫಕೀರವ್ವನ ಮೊಮ್ಮಗಳು ಶಿವಕ್ಕ ಬಂದಳು. ಎಪ್ಪತ್ತು ದಾಟಿದ ಜೀವ.

"ನಮ್ಮಾಯೀದು ಒಂದೂ ಫೋಟೊ ಇಲ್ರೀ. ದೇಸಾಯರ ಕೂಸಿನ ಕೂಡ ಒಮ್ಮೆ ತಗಸೇನಿ ಅಂತಿದ್ಲು. ಮಾರಿ ಕಾಣದಿದ್ರ ಬಿಡ್ರಿ, ಕೈ ಕಂಡ್ರ ಸಾಕು. ಆ ಕೈಯಾಗ ಬೆಳದಾಕಿ ನಾ."

ಜಯತೀರ್ಥ ಪರದೆ ತೋರಿಸಿದ. ಶಿವಕ್ಕ ಕನ್ನಡಕ ಒರೆಸಿಕೊಂಡು ಬೆರಳು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಅಲ್ಲರೀ. ನಮ್ಮಾಯಿಗೆ ಈ ಕೈಯಾಗ ಆರು ಬೆರಳಿದ್ವು."

ಅವನ ಮುಖ ಸುಣ್ಣ ಬಳಿದಂತಾಯಿತು. ಕೈ ನನ್ನ ಕಪಾಟಿನವರೆಗೂ ಬಂತು. ತೆಗೆಯೋ, ತೆಗೆಯೋ ಎಂದು ನಾನು ಒಳಗೇ ಒದ್ದಾಡಿದೆ. ಕೈ ಹಿಂದೆ ಹೋಯಿತು.

"ಹಂಗಾರ ಇವ್ರು ಬ್ಯಾರೆ ಯಾರೋ ಇರಬೇಕ್ರಿ," ಎಂದ.

ಶಿವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದಳು. ನಾನು ಒಂದೇ ಮಾರು ದೂರದಲ್ಲಿದ್ದೆ. ನನಗೆ ಬಾಯಿದ್ದಿದ್ದರೆ!

ಅವಳು ಹೋದ ಮೇಲೆ ಅವನು ನನ್ನನ್ನು ಬೆಳಕಿಗೆ ಹಿಡಿದು ನೋಡಿದ. ಲಕೋಟೆಯಲ್ಲಿ 'ಕುರ್ಚಿ' ಹೊಡೆದುಹಾಕಿ 'ಗುರುತು ಸಿಗದ ದಾದಿ' ಎಂದು ಬರೆದ. ಬರೆಯುವಾಗ ಅವನ ಕೈ ನಡುಗುತ್ತಿತ್ತು. ಫಕೀರವ್ವನ ಕೈ ಅಂದು ಒಂದಿಷ್ಟೂ ನಡುಗಿರಲಿಲ್ಲ.